ಅಪ್ಪನ ಬಲಗೈ

ಅಪ್ಪನಿಗೆ ಲಕ್ವಾ ಹೊಡೆದು ಮಾತು ಹೋದ ಮೇಲೆ ಅವನ ಬಲಗೈ ತನಗೆ ತಾಗಿದ್ದನ್ನೆಲ್ಲ ಹಿಡಿದುಕೊಳ್ಳತೊಡಗಿತು. ಚಮಚ ತಾಗಿದರೆ ಚಮಚ, ದುಪ್ಪಟಿ ತಾಗಿದರೆ ದುಪ್ಪಟಿ. ಮೈ ಒರೆಸುವಾಗ ಒದ್ದೆ ಬಟ್ಟೆಯ ತುದಿ ಅಂಗೈಗೆ ಹತ್ತಿದರೆ ಅದನ್ನೂ ಬಿಡುತ್ತಿರಲಿಲ್ಲ. ಒಂದೊಂದೇ ಬೆರಳನ್ನು ಬಿಡಿಸಬೇಕಾಗುತ್ತಿತ್ತು, ಅದೂ ಕಿರುಬೆರಳಿನಿಂದ ಶುರುಮಾಡಿ. ಹೆಬ್ಬೆರಳನ್ನು ಮೊದಲು ಎಳೆದರೆ ಹಿಡಿತ ಇನ್ನೂ ಬಿಗಿಯಾಗುತ್ತಿತ್ತು. ಉಳಿದ ಮೈ ಸುಮ್ಮನೆ ಬಿದ್ದಿರುತ್ತಿತ್ತು. ಕಣ್ಣು ತೆರೆದಿರುತ್ತಿದ್ದವು, ಆದರೆ ಅವು ಯಾರನ್ನು ನೋಡುತ್ತಿವೆ ಎಂದು ಹೇಳಲು ಬರುತ್ತಿರಲಿಲ್ಲ.

ಕೊಪ್ಪಳದ ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರ್ ಇದನ್ನು ನನಗೆ ವಿವರಿಸಿದ್ದರು. ಅವ್ವ ಆಗ ಔಷಧ ತರಲು ಹೋಗಿದ್ದಳು.

"ಹುಟ್ಟಿದ ಕೂಸಿನ ಅಂಗೈಯಾಗ ಬೆರಳಿಟ್ರ ಹಿಡೀತೈತಲ್ಲ, ಹಂಗ ಇದು. ಹಿಡೀಬ್ಯಾಡ ಅಂತ ಹೇಳೋ ಭಾಗ ಮಿದುಳಿನ್ಯಾಗ ಕೆಟ್ಟೈತಿ. ಕೈ ಹಿಡಿಯಾಕತ್ತೈತಿ, ಅವರು ಹಿಡಿಯಾಕತ್ತಿಲ್ಲ," ಎಂದರು.

ಮನೆಗೆ ಬಂದ ಮೇಲೆ ನಾನು ಇದನ್ನು ಅವ್ವನಿಗೆ ಹೇಳಿದೆ. ಅವಳು ಅಪ್ಪನ ತಲೆಯ ಕೆಳಗಿನ ದಿಂಬು ಸರಿಮಾಡುತ್ತಿದ್ದಳು. ಅವಳ ಸೆರಗು ಅಪ್ಪನ ಮುಷ್ಟಿಯಲ್ಲಿತ್ತು.

"ಡಾಕ್ಟರಗೇನು ಗೊತ್ತಾಗತೈತಿ? ನಿಮ್ಮಪ್ಪ ಸೆರಗ ಹಿಡಿದ್ರ ನನಗ ತಿಳಿಯಂಗಿಲ್ಲೇನು?" ಎಂದಳು. ಅವಳ ಮುಖದಲ್ಲಿ ಸ್ವಲ್ಪ ನಾಚಿಕೆ ಕೂಡ ಇತ್ತು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮನೆ ಭಾಗ್ಯನಗರದಲ್ಲಿ. ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಅಪ್ಪನ ಮಂಚ ಹಾಕಿದ ಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಬಂದವರು ಅಡ್ಡಡ್ಡ ತಿರುಗಿ ಒಳಗೆ ನುಸುಳಬೇಕು. ನಾನು ಕುಷ್ಟಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ, ಮಕ್ಕಳನ್ನು ಅಲ್ಲಿಯೇ ಬಿಟ್ಟು ರಜೆ ಹಾಕಿ ಬಂದಿದ್ದೆ. ಆ ದಿನಗಳಲ್ಲಿ ನಾವು ಮೂವರೂ ಆ ಕೋಣೆಯಲ್ಲೇ ಇರುತ್ತಿದ್ದೆವು. ನಾನು ಹೊರಗೆ ಹೋದರೆ ಅವ್ವನಿಗೆ ಒಬ್ಬಳಿಗೇ ಅಪ್ಪನನ್ನು ಮಗ್ಗುಲಿಗೆ ತಿರುಗಿಸಲು ಆಗುತ್ತಿರಲಿಲ್ಲ. ಹಾಗಾಗಿ ನಾನು ಹೊರಗೆ ಹೋಗುತ್ತಿರಲಿಲ್ಲ. ಉಣಿಸುವುದು, ಮೈ ಒರೆಸುವುದು ನನ್ನ ಪಾಲು; ಆ ಹೊತ್ತಿಗೆ ಅವ್ವ ಅಡುಗೆಮನೆಯಲ್ಲಿರುತ್ತಿದ್ದಳು.

ಅವ್ವ ನಮ್ಮೂರಿನ ಕೂದಲ ಕೆಲಸದವಳು. ದೂರದ ದೇವಸ್ಥಾನಗಳಲ್ಲಿ ಮುಡಿ ಕೊಟ್ಟವರ ಕೂದಲು, ಮನೆಮನೆಗಳಲ್ಲಿ ಬಾಚಣಿಗೆಗೆ ಸಿಕ್ಕ ಕೂದಲು, ಎಲ್ಲ ಚೀಲಗಳಲ್ಲಿ ಇಲ್ಲಿಗೆ ಬರುತ್ತದೆ. ಅದರ ಸಿಕ್ಕು ಬಿಡಿಸಿ ಉದ್ದಕ್ಕೆ ತಕ್ಕಂತೆ ಬೇರೆ ಮಾಡುವುದು ಹೆಂಗಸರ ಕೆಲಸ. ಅಪ್ಪ ಅದೇ ಚೀಲಗಳನ್ನು ತನ್ನ ಟಂಟಂ ಆಟೋದಲ್ಲಿ ಹೇರುತ್ತಿದ್ದ. ಅವ್ವನ ಪಕ್ಕದಲ್ಲಿ ಕೂತು ಸಿಕ್ಕು ಬಿಡಿಸುವ ಒಬ್ಬಳು ಅವಳನ್ನು ಗಂಗಾವತಿ ರಸ್ತೆಯ ಸಭೆಗೆ ಕರೆದುಕೊಂಡು ಹೋದಳು. ತಗಡಿನ ಶೆಡ್ಡು, ಪ್ಲಾಸ್ಟಿಕ್ ಕುರ್ಚಿ, ಒಂದು ಡೋಲಕ್. ನಾನಾಗ ಶಾಲೆಗೆ ಹೋಗುವ ಹುಡುಗಿ. ಅವ್ವ ಆ ವರ್ಷವೇ ಯೇಸುವನ್ನು ನಂಬಿದಳು. ಕಾಲುವೆಗೆ ನೀರು ಬಿಟ್ಟಾಗ ಗಂಗಾವತಿಯ ಹತ್ತಿರ ದೀಕ್ಷಾಸ್ನಾನ ಆಯಿತು. ಮುಂದಿನ ವರ್ಷ ನನಗೂ ಆಯಿತು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಪ್ರಸಂಗದ ಕೊನೆಗೆ ಎಲ್ಲರೂ ಕಣ್ಣು ಮುಚ್ಚಿರುವಾಗ ಪಾಸ್ಟರ್, ಇಂದು ಯಾರು ಕರ್ತನನ್ನು ಒಪ್ಪಿಕೊಳ್ಳುತ್ತೀರೋ ಅವರು ಕೈ ಎತ್ತಿರಿ ಎಂದು ಕರೆಯುತ್ತಾರೆ. ಎತ್ತಿದ ಕೈಯೇ ಒಪ್ಪಿಗೆ. ಅದಿಲ್ಲದೆ ನೀರಿಗೆ ಇಳಿಸುವುದಿಲ್ಲ. ಹಾಸಿಗೆ ಹಿಡಿದು ಕೈ ಎತ್ತಲಾಗದವರಿದ್ದರೆ ಪಾಸ್ಟರ್ ಮನೆಗೇ ಹೋಗಿ ಅವರ ಅಂಗೈಯಲ್ಲಿ ತಮ್ಮ ಬೆರಳಿಟ್ಟು ಕೇಳುತ್ತಾರೆ. ಬೆರಳನ್ನು ಹಿಡಿದರೆ ಒಪ್ಪಿದಂತೆ. ಅಂಥವರನ್ನು ಕಾಲುವೆಗೆ ಒಯ್ಯುವಂತಿಲ್ಲವಾದ್ದರಿಂದ ತಲೆಯ ಮೇಲೆ ನೀರು ಸುರಿಯುತ್ತಾರೆ. ಹೀಗೆ ಒಪ್ಪಿ, ಸಮಾಧಾನದಿಂದ ಕಣ್ಣು ಮುಚ್ಚಿದವರ ಸಂಗತಿಯನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳುವುದುಂಟು. ಅವ್ವ ಅಂಥ ಸಾಕ್ಷಿಗಳನ್ನು ಬಹಳ ಕೇಳಿದ್ದಳು.

ಅಪ್ಪ ಒಳಗೆ ಬರುತ್ತಿರಲಿಲ್ಲ. ಆದರೆ ಪ್ರತಿ ರವಿವಾರ ಅವ್ವನನ್ನು, ನನ್ನನ್ನು, ಓಣಿಯ ಇನ್ನಷ್ಟು ಹೆಂಗಸರನ್ನು ಟಂಟಂನಲ್ಲಿ ಕೂಡಿಸಿಕೊಂಡು ಹೋಗಿ ಶೆಡ್ಡಿನ ಮುಂದೆ ಇಳಿಸುತ್ತಿದ್ದ. ಪ್ರಾರ್ಥನೆ ಮುಗಿಯುವ ತನಕ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಹಣೆಯ ಮೇಲೆ ವಿಭೂತಿ ಇರುತ್ತಿತ್ತು. ಹೆಂಗಸರು ಅವನನ್ನು ಕಾಡುತ್ತಿದ್ದರು.

"ಯಣ್ಣಾ, ಒಂದ್ ದಿನ ಒಳಗ ಬಾ. ನಾವೇನ್ ನಿನ್ನ ತಿಂತೀವೇನು?"

"ನಾ ಸ್ವರ್ಗದ ಗೇಟಿನ ತನಕ ಬಿಡೋ ಡ್ರೈವರ್ರವಾ," ಎನ್ನುತ್ತಿದ್ದ ಅಪ್ಪ. "ಒಳಗ ಡ್ರೈವರಗ ಪಾಸ್ ಕೊಡಂಗಿಲ್ಲ."

"ಪಾಸ್ ಬೇಕಾಗಿಲ್ಲಪ್ಪ, ಪುಕ್ಕಟೆ ಐತಿ!"

"ಪುಕ್ಕಟೆ ಇದ್ದದ್ದಕ್ಕ ನಮ್ಮ ಮಂದಿ ಹೆಚ್ಚು ಹೆದರ್ತಾರ. ಹೋಗ್ರಿ ಹೋಗ್ರಿ, ಹಾಡು ಚಾಲೂ ಆತು."

ಹಾಡುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಚೀಲ ಹೇರುವಾಗ ಗುನುಗುತ್ತಿದ್ದ. ಮಳೆ ಬಂದ ದಿನ ಶೆಡ್ಡಿನ ಬಾಗಿಲಿನಲ್ಲಿ ನಿಲ್ಲುತ್ತಿದ್ದ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮಳೆ ನಿಂತರೆ ಹೊರಗಿನ ಕಾಲಿನ ಕಡೆಗೇ ಹೋಗುತ್ತಿದ್ದ.

ಒಮ್ಮೆ ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಬಹಳ ಓದಿದವರು. ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ ಎಂದು ಅವರು ಬೋಧಿಸಿದರು. ಆರಿಸಲ್ಪಟ್ಟವರು ಎಷ್ಟು ದೂರ ಓಡಿದರೂ ಕೊನೆಗೆ ಬಂದೇ ಬರುತ್ತಾರೆ, ಉಳಿದವರನ್ನು ಯಾರೂ ಎಳೆದು ತರಲಾರರು, ನಮ್ಮ ಮನಸ್ಸು ಅವನ ಕಡೆಗೆ ತಿರುಗುವುದೂ ಅವನದೇ ಕೃಪೆ ಎಂದರು. ಮುಂದಿನ ವಾರ ನಮ್ಮ ಪಾಸ್ಟರ್ ಅದನ್ನು ಸ್ವಲ್ಪ ತಿದ್ದಿದರು. ಕೃಪೆ ಎಲ್ಲರಿಗೂ ಇದೆ, ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ದಾಟುವ ಕಾಲು ನಮ್ಮದು ಎಂದರು. ಅವ್ವ ಎರಡನ್ನೂ ಇಟ್ಟುಕೊಂಡಳು. ಮನಸ್ಸು ಹಗುರವಿದ್ದ ದಿನ, ಆರಿಸಿದ್ದರೆ ಬಂದೇ ಬರುತ್ತಾರೆ ಎನ್ನುತ್ತಿದ್ದಳು. ಭಾರವಿದ್ದ ದಿನ, ಇನ್ನೂ ಯಾಕೆ ದಾಟುತ್ತಿಲ್ಲ ಎಂದು ಅಳುತ್ತಿದ್ದಳು.

ಆ ಬೋಧಕರ ಮಾತನ್ನು ಅವಳು ಅಪ್ಪನಿಗೂ ಹೇಳಿದ್ದಳು. ಅಪ್ಪ ಊಟಕ್ಕೆ ಕೂತಿದ್ದ.

"ಹಂಗಾದ್ರ ಸೀಟು ಮೊದ್ಲ ಬುಕ್ ಆಗ್ಯಾವಲ್ಲ," ಎಂದ. "ನಾ ಯಾಕ ಪಾಳಿ ಹಚ್ಚಲಿ?"

"ಚ್ಯಾಷ್ಟಿ ಮಾಡಬ್ಯಾಡ್ರಿ."

"ಚ್ಯಾಷ್ಟಿ ಅಲ್ಲ. ನನ್ನ ಹೆಸರು ಇದ್ರ ಐತಿ, ಇಲ್ಲಾಂದ್ರ ಇಲ್ಲ. ನೀ ಯಾಕ ಸಂಕಟಪಡ್ತಿ? ಇನ್ನೊಂದ್ ರೊಟ್ಟಿ ಹಾಕು."

ಅವ್ವ ರೊಟ್ಟಿ ಹಾಕಿದಳು. ಅವಳ ಸಂಕಟ ಅಲ್ಲೇ ಇತ್ತು. ದೇವರು ಆರಿಸಿಕೊಂಡಿದ್ದರೆ ಇಷ್ಟು ವರ್ಷ ಇವರು ಮರದ ಕೆಳಗೆ ಯಾಕೆ ಕೂತರು? ಆರಿಸಿಕೊಂಡಿಲ್ಲದಿದ್ದರೆ ಪ್ರತಿ ವಾರ ನಮ್ಮನ್ನು ಯಾಕೆ ತಂದು ಬಿಟ್ಟರು? ಇದನ್ನು ಅವಳು ನನಗೆ ಎಷ್ಟೋ ಸಲ ಕೇಳಿದ್ದಾಳೆ. ಈಗ ಅಪ್ಪ ಮಲಗಿದ ಮೇಲೆ ಈ ಪ್ರಶ್ನೆಗೆ ಅವಸರ ಬಂದಿತ್ತು. ಅವನು ಹೀಗೆಯೇ ಹೋದರೆ ಸತ್ತ ಮೇಲೆ ತನಗೆ ಸಿಗುವುದಿಲ್ಲ ಎಂದು ಅವಳು ನಂಬಿದ್ದಳು. ಬೇರೆ ಯಾವ ನೋವೂ ಅವಳಿಗೆ ಅಷ್ಟು ದೊಡ್ಡದಾಗಿರಲಿಲ್ಲ.

ಪಾಸ್ಟರ್ ಒಂದು ಮಧ್ಯಾಹ್ನ ಬಂದರು. ಗಂಗಾವತಿ ಕಡೆಯ ಆಂಧ್ರ ವಲಸಿಗರ ಕ್ಯಾಂಪಿನಿಂದ ಬಂದು ಕೊಪ್ಪಳದಲ್ಲಿ ನೆಲೆಸಿದವರು, ಮನೆಮಾತು ತೆಲುಗು. ನನಗೆ ಕಾಲುವೆಯಲ್ಲಿ ದೀಕ್ಷಾಸ್ನಾನ ಮಾಡಿಸಿದವರೂ ಅವರೇ. ಅರ್ಧ ಬಾಗಿಲಿನಿಂದ ಕಷ್ಟಪಟ್ಟು ಒಳಗೆ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಸಣ್ಣದಾಗಿ ಪ್ರಾರ್ಥನೆ ಮಾಡಿದರು. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಾಗಿದರು.

"ಅಣ್ಣಾ, ನನ್ನ ಮಾತು ಕೇಳಿಸ್ತಿದೆಯಾ? ಯೇಸು ಕರ್ತನನ್ನ ನಿಮ್ಮ ರಕ್ಷಕ ಅಂತ ಒಪ್ತೀರಾ? ಒಪ್ಪಿದರೆ ನನ್ನ ಬೆರಳು ಹಿಡೀರಿ."

ಅವರು ಅಪ್ಪನ ಬಲ ಅಂಗೈಯಲ್ಲಿ ತೋರುಬೆರಳಿಟ್ಟರು. ಕೈ ಮುಚ್ಚಿತು.

ಅವ್ವ "ಸ್ತೋತ್ರ" ಎಂದು ನೆಲದ ಮೇಲೆ ಕುಸಿದಳು. ಅಷ್ಟು ವರ್ಷಗಳ ಅಳು ಒಂದೇ ಸಲ ಬಂತು. ಪಾಸ್ಟರ್ ಕಣ್ಣಲ್ಲೂ ನೀರಿತ್ತು. ನಾನು ಅಪ್ಪನ ಮುಖ ನೋಡುತ್ತಿದ್ದೆ. ಬೆರಳು ಇಡುವ ಮೊದಲು, ಪ್ರಶ್ನೆ ಮುಗಿದ ಹೊತ್ತಿಗೆ ಅವನು ರೆಪ್ಪೆ ಬಡಿದ. ಅದನ್ನು ನಾನು ಕಂಡಿದ್ದೇನೆ. ಆದರೆ ಫ್ಯಾನಿನ ಗಾಳಿಗೂ ಅವನು ರೆಪ್ಪೆ ಬಡಿಯುತ್ತಿದ್ದ.

ಪಾಸ್ಟರ್ ಬೆರಳು ತೆಗೆಯಲು ಹೋದರು. ಬರಲಿಲ್ಲ. ನಗುತ್ತಲೇ ಇನ್ನೊಮ್ಮೆ ಎಳೆದರು.

"ಗಟ್ಟಿ ಹಿಡಿದಿದ್ದಾರಮ್ಮ," ಎಂದರು.

ಅವ್ವ ಅಳುವಿನ ನಡುವೆಯೇ ನಕ್ಕಳು. ನಾನು ಹತ್ತಿರ ಹೋಗಿ ಕಿರುಬೆರಳಿನಿಂದ ಶುರುಮಾಡಿ ಬಿಡಿಸಿದೆ. ಪಾಸ್ಟರ್ ಆಗ ನಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಅವರನ್ನು ಬೀಳ್ಕೊಡಲು ಗಾಡಿಯ ತನಕ ಹೋದಾಗ ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಚಮಚದ ಸಂಗತಿ, ದುಪ್ಪಟಿಯ ಸಂಗತಿ ಕೂಡ. ಅವರು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು.

"ಟೀಚರಮ್ಮ, ನಾನು ಎಷ್ಟು ಮಂದಿಗೆ ಹೀಗೆ ಕೇಳಿದ್ದೀನೋ," ಎಂದರು. ಆ ಮಾತನ್ನು ಅಲ್ಲಿಗೇ ಬಿಟ್ಟರು. ಆಮೇಲೆ, "ಈಗಿನ ಕಾಲ ನಿಮಗೆ ಗೊತ್ತು. ನಾಳೆ ಯಾರಾದರೂ ಬಂದು, ಮಾತಾಡಲಾಗದ ಮನುಷ್ಯನಿಗೆ ನೀರು ಹಾಕಿದೆಯಾ ಅಂತ ಕೇಳ್ತಾರೆ. ಅದಕ್ಕೆ ನಾನು ಹೆದರೋದಿಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಅದಕ್ಕಿಂತ ದೊಡ್ಡದು ಇದು. ಅವರು ಒಪ್ಪಿದರೋ ಇಲ್ಲವೋ? ಮಗಳು ನೀವು, ಅವರ ಪಕ್ಕದಲ್ಲೇ ಇರೋರು. ನೀವು ಹೌದು ಅಂದರೆ ಹಾಕ್ತೀನಿ. ಇಲ್ಲ ಅಂದರೆ ಇಲ್ಲ," ಎಂದರು.

"ನನಗ ಹೆಂಗ ಗೊತ್ತಾಗತೈತ್ರಿ?"

"ನನಗಿಂತ ಹೆಚ್ಚು ಗೊತ್ತಿದೆಯಲ್ಲಾ," ಎಂದು ಅವರು ಗಾಡಿ ಚಾಲೂ ಮಾಡಿದರು.

ನಾನು ಒಳಗೆ ಬಂದೆ. ಅವ್ವ ಆಗಲೇ ಫೋನಿನಲ್ಲಿದ್ದಳು. ಸಭೆಯ ಹೆಂಗಸರಿಗೆ ಹೇಳಿದಳು. ಸಂತೋಷ ತಡೆಯಲಾಗದೆ ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ನನ್ನ ಕಾಕಾನಿಗೂ ಹೇಳಿದಳು: "ತಮ್ಮಾ, ನಿಮ್ಮಣ್ಣ ಪಾಸ್ಟರ್ ಬೆರಳ ಹಿಡಿದು ಒಪ್ಪಿಕೊಂಡ್ರು. ನೀರು ಹಾಕಸ್ತೀವಿ."

ಆ ಸಂಜೆ ನಾನು ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಹೌದು ಎಂದರೆ ನಾನು ಕಾಣದ್ದಕ್ಕೆ ಸಾಕ್ಷಿ ಹೇಳಿದಂತೆ. ಇಲ್ಲ ಎಂದರೆ ಅವ್ವನ ಲೆಕ್ಕದಲ್ಲಿ ಅಪ್ಪನ ಮುಂದೆ ಬಾಗಿಲು ಹಾಕಿದವಳು ನಾನೇ. ಆ ಓದಿದ ಬೋಧಕರ ಮಾತು ನಿಜವಾದರೆ ಎರಡರಿಂದಲೂ ಏನೂ ಆಗುವುದಿಲ್ಲ. ಅಪ್ಪನ ಹೆಸರು ಇದ್ದರೆ ನನ್ನ 'ಇಲ್ಲ' ಅದನ್ನು ಅಳಿಸುವುದಿಲ್ಲ, ಇಲ್ಲದಿದ್ದರೆ ನನ್ನ 'ಹೌದು' ಅದನ್ನು ಬರೆಯುವುದಿಲ್ಲ. ಇದರಿಂದ ನನಗೆ ಧೈರ್ಯ ಬರಬೇಕಿತ್ತು, ಬರಲಿಲ್ಲ. ಏನೂ ಬದಲಿಸಲಾಗದ ಮಾತನ್ನು ನನ್ನ ಬಾಯಿಂದಲೇ ಯಾಕೆ ಕೇಳುತ್ತಿದ್ದಾರೆ ಎನ್ನುವುದು ತಿಳಿಯಲಿಲ್ಲ. ನಾನು ಶಾಲೆಯ ಹುಡುಗಿಯಾಗಿದ್ದಾಗ ಸಭೆಯಲ್ಲಿ ಕೈ ಎತ್ತಿದ್ದು ನೆನಪಾಯಿತು. ಆ ದಿನ ಎಲ್ಲರ ಕಣ್ಣು ಮುಚ್ಚಿದ್ದವು, ಅವ್ವನ ಕಣ್ಣು ಮಾತ್ರ ತೆರೆದಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಎತ್ತಿದೆ. ಅದು ಸುಳ್ಳು ಎಂದು ನನಗೆ ಯಾವತ್ತೂ ಅನಿಸಿಲ್ಲ. ಪೂರ್ತಿ ನನ್ನದೇ ಎಂದೂ ಅನಿಸಿಲ್ಲ.

ಮರುದಿನ ಬೆಳಗಿನ ಬಸ್ಸಿಗೇ ಕಾಕಾ ಬಂದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಜೋಳದ ಹಿಟ್ಟಿನ ಚೀಲ. ಹಿಟ್ಟಿನ ಚೀಲವನ್ನು ಅವ್ವನಿಗೆ ಕೊಟ್ಟ ಮೇಲೆಯೇ ಜಗಳ ಶುರುಮಾಡಿದ.

"ವೈನಿ, ನೀವು ನಿಮ್ಮ ದೇವರ ಕಡೆ ಹೋದ್ರಿ. ನಾವೇನರ ಅಂದ್ವೇನು?"

"ಇಲ್ಲ ತಮ್ಮಾ. ಯಾರೂ ಏನೂ ಅಂದಿಲ್ಲ."

"ಹಬ್ಬಕ್ಕ ಬಂದಾಗ ನಮ್ಮ ದೇವರ ನೈವೇದ್ಯ ನೀವು ಉಣ್ಣಲಿಲ್ಲ, ನಿಮಗ ಬ್ಯಾರೆ ಒಲಿ ಹೂಡಿ ಕೊಟ್ವಿ. ಹೌದಲ್ಲ? ಆದ್ರ ಅಣ್ಣ ನಮ್ಮಂವ. ನೀರು ಹಾಕಿಸಿದ್ರ ನಾಳೆ ಹೊಲದಾಗ ಮಣ್ಣು ಮಾಡಾಕ ಹಿರ್ಯಾರು ಬಿಡ್ತಾರೇನು? ಅಪ್ಪ, ಅವ್ವ ಅಲ್ಲೇ ಅದಾರ. ಇವನೊಬ್ಬನ್ನ ಎಲ್ಲಿ ಒಯ್ಯಲಿ ನಾನು?"

"ಹೊಲ ನಿಮ್ಮದು ತಮ್ಮಾ. ಇವರು ನನ್ನವರು. ಅವರ ಒಪ್ಯಾರ. ನಾ ಹೇಳಿದ್ದಲ್ಲ, ಅವರ ಕೈಯಲೆ ಹೇಳ್ಯಾರ."

ಕಾಕಾ ಮಂಚದ ಹತ್ತಿರ ಹೋದ. ಅಣ್ಣನನ್ನು ಹಾಗೆ ನೋಡಿ ಟವೆಲಿನಿಂದ ಮುಖ ಒರೆಸಿಕೊಂಡ.

"ಹೆಂಗ ಕೇಳಿದ್ರು ನಿಮ್ಮ ಅಯ್ಯಾರು? ಹಿಂಗೇನು?" ಎಂದವನೇ ಅಪ್ಪನ ಬಲ ಅಂಗೈಯಲ್ಲಿ ತನ್ನ ಬೆರಳಿಟ್ಟ. "ಅಣ್ಣಾ, ನಾನು ಬಂದೀನಿ ನೋಡು. ನಮ್ಮ ಹೊಲದಾಗ ಅವ್ವನ ಬಾಜೂಕ ಮಲಗ್ತೀಯೇನು? ಮಲಗ್ತೀನಿ ಅಂದ್ರ ನನ್ನ ಬೆರಳ ಹಿಡಿ."

ಕೈ ಮುಚ್ಚಿತು.

"ನೋಡ್ರಿ ವೈನಿ! ನೋಡ್ರಿ! ಎಷ್ಟ್ ಗಟ್ಟಿ ಹಿಡ್ಯಾನ!" ಕಾಕಾ ನಗುತ್ತಿದ್ದ, ಅಳುತ್ತಲೂ ಇದ್ದ. ಆಮೇಲೆ ಬೆರಳು ಎಳೆದುಕೊಳ್ಳಲು ನೋಡಿದ. "ಬಿಡು ಅಣ್ಣಾ. ಆತು, ತಿಳೀತು. ಬಿಡು."

ಅಪ್ಪ ಬಿಡಲಿಲ್ಲ. ಕಾಕಾ ನನ್ನ ಕಡೆ ತಿರುಗಿದ. ನಾನು ಹೋಗಿ ಕಿರುಬೆರಳು, ಅದರ ಪಕ್ಕದ್ದು, ಹೀಗೆ ಬಿಡಿಸಿದೆ. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಹಿಂದಿನ ದಿನ ಅವಳು ಅಳುತ್ತಿದ್ದಳು, ಇದನ್ನು ನೋಡಿರಲಿಲ್ಲ.

"ದಿನಾ ಹಿಂಗ ಬಿಡಸ್ತೀಯೇನು?" ಎಂದು ಕೇಳಿದಳು.

"ಹೂಂ ಅವ್ವ."

"ಎಲ್ಲಾನೂ ಹಿಡೀತೈತೇನು?"

"ಹೂಂ."

ಅವಳು ಸ್ಟೂಲನ್ನು ಎಳೆದುಕೊಂಡು ಮಂಚದ ಹತ್ತಿರ ಕೂತಳು. ಕೂದಲಿನ ಸಿಕ್ಕು ಬಿಡಿಸಿ ಅವಳ ತೋರುಬೆರಳಿನ ತುದಿ ನುಣುಪಾಗಿದೆ, ಗೆರೆಗಳೇ ಇಲ್ಲ. ಆ ಬೆರಳನ್ನು ಅಪ್ಪನ ಅಂಗೈಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದುಕೊಂಡಳು, ತಾಗಿಸಲಿಲ್ಲ.

"ಏನ್ರಿ," ಎಂದಳು. "ನಾ ಸಾಯ್ಲೇನು? ಹೂಂ ಅಂದ್ರ ಹಿಡೀರಿ."

"ವೈನಿ, ಅದೇನ್ ಕೇಳೋದು!" ಎಂದ ಕಾಕಾ.

ಅವ್ವ ಬೆರಳಿಟ್ಟಳು. ಕೈ ಮುಚ್ಚಿತು. ಪಾಸ್ಟರ್ ಬೆರಳನ್ನು ಹಿಡಿದಷ್ಟೇ, ಕಾಕಾನ ಬೆರಳನ್ನು ಹಿಡಿದಷ್ಟೇ ಬಿಗಿಯಾಗಿ.

 ಕಾಕಾ ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ನೋಡುತ್ತ ನಿಂತ. ಹೊರಗೆ ಹೋಗಬೇಕೆಂದರೆ ಅವನು ಅವ್ವನ ಸ್ಟೂಲನ್ನು ಸರಿಸಬೇಕಿತ್ತು. ಅವ್ವ ಬೆರಳನ್ನು ಅಲ್ಲಿಯೇ ಬಿಟ್ಟುಕೊಂಡು ಕೂತಿದ್ದಳು. ನಾನು ಬಿಡಿಸಲು ಹೋದಾಗ ಬೇಡ ಎಂದು ತಲೆಯಾಡಿಸಿದಳು. ಬಹಳ ಹೊತ್ತಿನ ಮೇಲೆ ತಾನೇ ಎಡಗೈಯಿಂದ ಬಿಡಿಸಿಕೊಂಡಳು, ನಾನು ಮಾಡಿದಂತೆಯೇ, ಕಿರುಬೆರಳಿನಿಂದ. ಆಮೇಲೆ ಕಾಕಾನಿಗೆ ಚಹಾ ಮಾಡಲು ಎದ್ದಳು.

ನಾನು ಪಾಸ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಆ ಹಿಡಿತ ಅಪ್ಪಂದಲ್ಲ ಅಂತ ನಾ ಹೇಳಬಲ್ಲೆ. ಒಳಗ ಏನಿತ್ತು ಅಂತ ಹೇಳಾಕ ಬರಂಗಿಲ್ಲ. ಇದಕ್ಕಿಂತ ಹೆಚ್ಚು ನನ್ನ ಕಡೆ ಇಲ್ರಿ," ಎಂದೆ. ಅವರು ಸರಿ ಎಂದರು. ಆದರೂ ಆ ವಾರವೇ ಮತ್ತೆ ಮನೆಗೆ ಬಂದರು. ಕಾಕಾ ಅಷ್ಟೊತ್ತಿಗೆ ಊರಿಗೆ ಹೋಗಿದ್ದ.

ಪಾಸ್ಟರ್ ಅವ್ವನ ಎದುರು ನೆಲದ ಮೇಲೆ ಕೂತರು.

"ಅಮ್ಮಾ, ಮನಸ್ಸಿಗೆ ಹಚ್ಚಿಕೋಬೇಡಿ. ನಾವು ದೇವರನ್ನ ಹಿಡಿಯೋದಲ್ಲ, ದೇವರು ನಮ್ಮನ್ನ ಹಿಡೀತಾರೆ. ಕೃಪೆ ಅಂದರೆ ಅದೇ. ನಮ್ಮ ಕೈಯಲ್ಲಿ ಏನಿದೆ?"

"ಹಂಗಾದ್ರ ಇಷ್ಟ್ ವರ್ಷ ಕೈ ಎತ್ರಿ, ಕೈ ಎತ್ರಿ ಅಂತ ಯಾಕ ಅಂದ್ರಿ?"

ಪಾಸ್ಟರ್ ತಲೆ ತಗ್ಗಿಸಿದರು.

"ಕೈಯಾಗ ಏನೂ ಇಲ್ಲಾಂದ್ರ ಎತ್ತೋದು ಯಾಕ್ರಿ? ಐತಿ ಅಂದ್ರ ಇವರ ಕೈಗೆ ಹಿಂಗ್ಯಾಕ ಮಾಡಿದ ದೇವರು? ಹೇಳಬೇಕಾದ ಹೊತ್ತಿನ್ಯಾಗ?"

ಪಾಸ್ಟರ್ ಮಂಚದ ಕಡೆ ನೋಡಿದರು. "ಒಂದು ಮಾತು ಹೇಳ್ತೀನಿ. ನೀವು ಹೂಂ ಅನ್ನಿ ಸಾಕು. ಈಗಲೇ ನೀರು ಹಾಕ್ತೀನಿ. ನಾಳೆ ಯಾರು ಏನು ಕೇಳಿದರೂ ನಾನು ನೋಡ್ಕೋತೀನಿ."

ಅವರು ನಿಜವಾಗಿ ಹಾಕುತ್ತಿದ್ದರು. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅಡುಗೆಮನೆಯಲ್ಲಿ ಕೊಡ ತುಂಬಿತ್ತು, ಚೊಂಬೂ ಅಲ್ಲೇ ಇತ್ತು. ಅವ್ವ ಇಷ್ಟು ವರ್ಷ ಕಾದದ್ದಕ್ಕೂ ಅವಳಿಗೂ ನಡುವೆ ಇದ್ದದ್ದು ಅಷ್ಟೇ. ಅವಳು ಅಪ್ಪನನ್ನು ನೋಡಿದಳು. ಅಪ್ಪ ತೊಲೆಯನ್ನು ನೋಡುತ್ತಿದ್ದ, ಅಥವಾ ಕಣ್ಣು ಆ ಕಡೆ ಇದ್ದವು.

"ಬ್ಯಾಡ್ರಿ," ಎಂದಳು.

"ಅಮ್ಮಾ..."

"ಇವರು ಹೂಂ ಅನ್ನದ ನಾ ಹೂಂ ಅಂದ್ರ ಆ ಹೂಂ ನಂದು. ನಂದು ನಾ ಮೊದಲ ಅಂದೀನಿ, ಕಾಲುವ್ಯಾಗ. ಇವರದು ಇವರ ಅನ್ನಬೇಕಿತ್ತು." ಅವಳು ಅಪ್ಪನ ದುಪ್ಪಟಿ ಎಳೆದು ಸರಿಮಾಡಿದಳು. "ಮಾತು ಇದ್ದಾಗ ಒಂದಿನಾನೂ ಜುಲುಮಿ ಮಾಡ್ಲಿಲ್ಲ ನಾನು. ಈಗ ಮಾತಿಲ್ಲ ಅಂತ ಮಾಡ್ಲೇನು?"

ಪಾಸ್ಟರ್ ಹೋದ ಮೇಲೆ ಅವಳು ಊಟ ಮಾಡಲಿಲ್ಲ. ಅದು ಧೈರ್ಯದ ನಿರ್ಧಾರದಂತೆ ನನಗೆ ಆಗ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಅವಳಿಗೆ ಇದ್ದ ಒಂದೇ ದಾರಿಯನ್ನು ಅವಳೇ ಮುಚ್ಚಿಕೊಂಡಿದ್ದಳು, ಮುಚ್ಚಿದ್ದು ಸರಿ ಎಂಬ ಸಮಾಧಾನವೂ ಅವಳಿಗೆ ಸಿಗಲಿಲ್ಲ. ಮುಂದಿನ ದಿನಗಳಲ್ಲಿ ಅವಳು ಅಪ್ಪನ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. "ಈಗ ನಕ್ಕಂಗ ಮಾಡಿದ್ರಲ್ಲ? ನೋಡಿದಿಯೇನು?" ಎಂದು ಕೇಳುತ್ತಿದ್ದಳು. "ಹಾಡು ಹಚ್ಚಿದಾಗ ಕಣ್ಣು ಈ ಕಡೆ ಹೊಳ್ಳಿಸಿದ್ರಲ್ಲ?" ನಾನು ಕಂಡಿದ್ದರೆ ಕಂಡೆ ಎನ್ನುತ್ತಿದ್ದೆ, ಕಾಣದಿದ್ದರೆ ಇಲ್ಲ ಎನ್ನುತ್ತಿದ್ದೆ. ಕೆಲವು ಸಲ ಇಲ್ಲ ಎನ್ನುವುದು ಅವಳ ಕೆನ್ನೆಗೆ ಹೊಡೆದಷ್ಟು ಕಷ್ಟವಾಗುತ್ತಿತ್ತು. ಆದರೆ ಒಮ್ಮೆ ಅವಳಿಗಾಗಿ ಹೌದು ಎಂದರೆ ಮುಂದೆ ನನ್ನ ಯಾವ ಹೌದೂ ಅವಳಿಗೆ ಉಳಿಯುತ್ತಿರಲಿಲ್ಲ.

ಅಪ್ಪ ಒಂದು ಬೆಳಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ ತೀರಿಕೊಂಡ. ಯಾವ ಗುರುತನ್ನೂ ಕೊಡದೆ ಹೋದ. ಇದನ್ನು ಅವ್ವ ಕೇಳುವ ಮೊದಲೇ ನಾನು ಹೇಳಿದೆ, ಯಾಕೆಂದರೆ ಅವಳು ಆಗ ಹೊರಗೆ ಬಟ್ಟೆ ಒಣಹಾಕುತ್ತಿದ್ದಳು, ಕೊನೆ ಗಳಿಗೆಯನ್ನು ಕಂಡಿರಲಿಲ್ಲ.

ಕಾಕಾ ಟ್ರ್ಯಾಕ್ಟರ್ ತಂದು ಊರಿಗೆ ಒಯ್ದ. ಹೊಲದಲ್ಲಿ ಕರಿಮಣ್ಣು ಬಿರಿದಿತ್ತು, ಹಾರೆಗೆ ಹೆಂಟೆಹೆಂಟೆಯಾಗಿ ಏಳುತ್ತಿತ್ತು. ಅಜ್ಜಿಯ ಪಕ್ಕದಲ್ಲಿ ಕುಣಿ ತೋಡಿದರು. ಅವರ ಪದ್ಧತಿಯಂತೆ ಎಲ್ಲ ನಡೆಯಿತು. ಅವ್ವ ಒಂದು ಕಡೆ ನಿಂತಿದ್ದಳು. ಯಾರೂ ಅವಳಿಗೆ ಏನನ್ನೂ ಮಾಡು ಎನ್ನಲಿಲ್ಲ. ಕಾಕಾ ಮೊದಲೇ ಹೇಳಿಟ್ಟಿದ್ದ ಎಂದು ಆಮೇಲೆ ತಿಳಿಯಿತು. ಪಾಸ್ಟರ್ ಬಸ್ಸಿನಲ್ಲಿ ಬಂದು ದೂರ ಬದುವಿನ ಮೇಲೆ ನಿಂತಿದ್ದರು. ಕಾಕಾನೇ ಅವರನ್ನು ಕೂಗಿದ.

"ಅಯ್ಯಾರ, ಅಲ್ಲ್ಯಾಕ ನಿಂತೀರಿ? ಬರ್ರಿ, ಒಂದ್ ಹಿಡಿ ಮಣ್ಣು ಹಾಕ್ರಿ. ನಿಮ್ಮ ಬೆರಳೂ ಹಿಡಿದಿದ್ನಲ್ಲ ಅಂವ."

ಪಾಸ್ಟರ್ ಬಂದು ಮಣ್ಣು ಹಾಕಿದರು. ಬಾಯಿಬಿಟ್ಟು ಪ್ರಾರ್ಥನೆ ಮಾಡಲಿಲ್ಲ.

ಸಂಜೆ ಬಸ್ಸಿಗೆ ಕಾಯುವಾಗ ಅವ್ವ ಅವರನ್ನು ಕೇಳಿದಳು. ಅವಳು ಇಡೀ ದಿನ ಅಳದೆ ಇದನ್ನೇ ಕಾದಿಟ್ಟುಕೊಂಡಿದ್ದಳು ಎಂದು ತೋರುತ್ತದೆ.

"ನಮ್ಮ ಮನಿಯವರು ಈಗ ಎಲ್ಲಿ ಅದಾರ್ರಿ?"

"ಅದನ್ನ ನಾನು ಹೇಳೋಕಾಗಲ್ಲಮ್ಮ."

"ಹೇಳಬಾರದೋ, ಗೊತ್ತಿಲ್ಲೋ?"

ಅವರು ರಸ್ತೆಯ ಕಡೆ ನೋಡಿದರು. ಬಸ್ಸು ಬರುತ್ತಿರಲಿಲ್ಲ.

"ಗೊತ್ತಿಲ್ಲ," ಎಂದರು.

"ಹಂಗಂತ ಸಭಾದಾಗ ಹೇಳ್ತೀರೇನು?"



ಮುಂದಿನ ರವಿವಾರ ಅವ್ವ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೊರಟಳು. ಆಟೋದಲ್ಲಿ ಹೋದೆವು. ಹೆಂಗಸರು ಅವಳನ್ನು ಅಪ್ಪಿಕೊಂಡು, "ಒಪ್ಪಿಕೊಂಡ ಹೋದ್ರಲ್ಲಕ್ಕಾ, ಅದಽ ದೊಡ್ಡ ಸಮಾಧಾನ," ಎಂದರು. ಅವರಿಗೆ ಮೊದಲ ದಿನದ ಫೋನಿನ ಸಂಗತಿ ಮಾತ್ರ ಗೊತ್ತಿತ್ತು. ಅವ್ವ ನನ್ನ ಕಡೆ ನೋಡಿದಳು. ಮಾತಾಡಿದ್ದು ಅವಳೇ.

"ನನಗ ಗೊತ್ತಿಲ್ಲವಾ," ಎಂದಳು. "ಬೆರಳ ಹಿಡಿದದ್ದು ಖರೆ. ಒಪ್ಪಿದ್ದು ಗೊತ್ತಿಲ್ಲ." ಹೆಂಗಸರು ಅದನ್ನು ದುಃಖದ ಮಾತು ಎಂದುಕೊಂಡು ಅವಳ ಬೆನ್ನು ಸವರಿದರು.

ಪಾಸ್ಟರ್ ಪ್ರಸಂಗ ಮುಗಿಸಿದರು. ಎಲ್ಲರೂ ಕಣ್ಣು ಮುಚ್ಚಿದರು. "ಇಂದು ಯಾರು..." ಎಂದು ಶುರುಮಾಡಿ ಅವರು ನಿಂತರು. ತಡವಾದಾಗ ನಾನು ಕಣ್ಣು ತೆರೆದೆ. ಅವರು ಅವ್ವನನ್ನು ನೋಡುತ್ತಿದ್ದರು. ಶೆಡ್ಡಿನೊಳಗೆ ಜನ ಮಿಸುಕಾಡತೊಡಗಿದರು. ಬೇರೆ ಮಾತು ಅವರ ಬಾಯಿಗೆ ಬರುತ್ತದೆಯೇನೋ ಎಂದು ನಾನು ಕಾದೆ. ಕೊನೆಗೆ ಅವರು ಸಣ್ಣ ದನಿಯಲ್ಲಿ, ಪ್ರತಿ ವಾರ ಹೇಳುವುದನ್ನೇ ಹೇಳಿದರು. ಮುಂದಿನ ಸಾಲಿನಲ್ಲಿ ಇದೇ ಮೊದಲು ಬಂದಿದ್ದ ಒಬ್ಬ ಗಾರೆ ಕೆಲಸದವನು ಕೈ ಎತ್ತಿದ.  ಎಲ್ಲರೂ ಸ್ತೋತ್ರ ಎಂದರು. ಅವ್ವನೂ ಅಂದಳು.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿರುವಾಗ ಅವಳು ಕೇಳಿದಳು.

"ಆ ಹುಡುಗ ಎತ್ತಿದ್ನಲ್ಲ. ಅದು ಅವಂದ ಕೈಯೇನು?"

ನಾನು ಅವಳ ಚಪ್ಪಲಿ ಹುಡುಕಿ ಮುಂದಿಟ್ಟೆ.

"ನಾ ಎತ್ತಿದ್ದು?" ಎಂದಳು. "ನೀ ಎತ್ತಿದ್ದು?"

ನನಗೆ ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿದಳು, ಆ ಉತ್ತರ ಅವಳಿಗೆ ಈಗ ಅಭ್ಯಾಸವಾಗಿದೆ. ನಾನು ಕುಷ್ಟಗಿಗೆ ಮರಳಿದ ಮೇಲೂ ಪ್ರತಿ ರವಿವಾರ ಅವಳು ಸಭೆಗೆ ಹೋಗುತ್ತಾಳೆ. ಅಲ್ಲಿಂದ ಬಂದು ನನಗೆ ಫೋನ್ ಮಾಡುತ್ತಾಳೆ. ಆ ವಾರ ಯಾರು ಕೈ ಎತ್ತಿದರು, ಎತ್ತುವಾಗ ಅವರ ಮುಖ ಹೇಗಿತ್ತು, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಹೇಳುತ್ತಾಳೆ. ಪ್ರಾರ್ಥನೆಯ ಹೊತ್ತಿನಲ್ಲಿ ಅವಳು ಈಗ ಕಣ್ಣು ಮುಚ್ಚುವುದಿಲ್ಲ.